ಮೀನು ಬಿಡುವ ಮೊದಲು ಬ್ಯಾಕ್ಟೀರಿಯಾ ಬೆಳೆಸಿ

ತಾರಸಿಯಲ್ಲಿ ಅಕ್ವಾಪೋನಿಕ್ಸ್ (ಮೀನು ಸಾಕಿದ ನೀರಿನಿಂದಲೇ ಗಿಡ ಬೆಳೆಸುವ ಪದ್ಧತಿ) ತೊಟ್ಟಿ ಕೂರಿಸಿದ ಉತ್ಸಾಹದಲ್ಲಿ ಹಲವರು ಮರುದಿನವೇ ಮೀನುಮರಿ ತಂದು ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೀನು ಕಿವಿರಿನಿಂದ ಹೊರಹಾಕುವ ಅಮೋನಿಯಾ ಹೊಸ ನೀರಿನಲ್ಲಿ ಹಾಗೇ ಉಳಿದು ಮೀನಿಗೇ ವಿಷವಾಗುತ್ತದೆ. ಅದನ್ನು ನೈಟ್ರೊಸೊಮೊನಾಸ್ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿ ಮಾರ್ಪಡಿಸಬೇಕು, ನೈಟ್ರೊಸ್ಪೈರಾ, ನೈಟ್ರೊಬ್ಯಾಕ್ಟರ್‌ಗಳು ಆ ನೈಟ್ರೈಟನ್ನು ಗಿಡಗಳ ಗೊಬ್ಬರವಾದ ನೈಟ್ರೇಟ್ ಮಾಡಬೇಕು. ಮೊದಲು ಇವುಗಳನ್ನು ನೆಲೆಗೊಳಿಸಿ.

ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ಗಾಳಿ ಪಂಪ್ ಓಡಿಸಿ. ಈ ಬ್ಯಾಕ್ಟೀರಿಯಾಗಳು ಜಲ್ಲಿಗೋ ಸುಟ್ಟ ಜೇಡಿಮಣ್ಣಿನ ಗುಂಡುಗಳಿಗೋ ಅಂಟಿಕೊಂಡು ಬೆಳೆಯುತ್ತವೆ. ಜಲ್ಲಿಯ ಮೇಲೆ ವಿನೆಗರ್ ಹನಿಸಿ ನೋಡಿ: ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬೇಡ. ಬಿಸಿಲಿನ ನೇರಳಾತೀತ ಕಿರಣ ಬ್ಯಾಕ್ಟೀರಿಯಾಗಳಿಗೆ ಮಾರಕ, ಆದ್ದರಿಂದ ತೊಟ್ಟಿಗೆ ನೆರಳಿರಲಿ.

ಇನ್ನು ಅವುಗಳಿಗೆ ಆಹಾರ. ಮೀನಿನ ತಿಂಡಿಯನ್ನು ಪುಡಿಮಾಡಿ ದಿನಕ್ಕೆ ಚಿಟಿಕೆಯಷ್ಟು ಹಾಕುತ್ತಿದ್ದರೆ ಅದು ಕೊಳೆತು ಅಮೋನಿಯಾ ಕೊಡುತ್ತದೆ. ಅಮೋನಿಯಾ ಪ್ರಮಾಣ ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನಲ್ಲಿರಲಿ. ರೋಗವಿಲ್ಲದ ಹಳೆಯ ಅಕ್ವೇರಿಯಂನಿಂದ ಒಂದು ಹಿಡಿ ಜಲ್ಲಿ ತಂದು ಸೇರಿಸಿದರೆ, ಹಾಲಿಗೆ ಹೆಪ್ಪು ಹಾಕಿದಂತೆ, ಕೆಲಸ ಬೇಗ ಶುರುವಾಗುತ್ತದೆ.

ಎರಡು ಮೂರು ದಿನಕ್ಕೊಮ್ಮೆ ಪರೀಕ್ಷಾ ಕಿಟ್‌ನಿಂದ ನೀರು ನೋಡಿ. ಅಮೋನಿಯಾ ಮೊದಲು ಏರಿ, ಬಳಿಕ ಇಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ: ಅಮೋನಿಯಾ ಇಳಿದ ಕೂಡಲೇ ಮೀನು ಬಿಡುತ್ತಾರೆ. ಆದರೆ ಆಗ ನೈಟ್ರೈಟ್ ಏರುತ್ತಿರುತ್ತದೆ. ರಕ್ತ ಆಮ್ಲಜನಕ ಹೊರುವುದನ್ನೇ ಅದು ತಡೆಯುವುದರಿಂದ, ನೀರಿನಲ್ಲಿ ಆಮ್ಲಜನಕವಿದ್ದರೂ ಮೀನು ಉಸಿರುಗಟ್ಟುತ್ತದೆ. ನೈಟ್ರೈಟ್ ಕೂಡ ಇಳಿದು ನೈಟ್ರೇಟ್ ಕಾಣಿಸಿಕೊಳ್ಳುವವರೆಗೆ ತಾಳ್ಮೆಯಿರಲಿ. ನಮ್ಮ ಬಯಲುಸೀಮೆಯ ಬೆಚ್ಚನೆಯ ದಿನಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಸಾಕು, ಚಳಿಯಲ್ಲಿ ಹೆಚ್ಚು ಬೇಕು. ದಿನದ ತಿಂಡಿ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸತತ ಕೆಲವು ದಿನ ಸೊನ್ನೆಯ ಬಳಿ ನಿಂತರೆ ತೊಟ್ಟಿ ಸಿದ್ಧ. ಕೆಲವೇ ಗೆಂಡೆ ಮರಿಗಳಿಂದ ಆರಂಭಿಸಿ.

ಅಮೋನಿಯಾ ನೈಟ್ರೇಟ್ ಆಗುವ ಈ ಪ್ರಕ್ರಿಯೆ ನೀರನ್ನು ಮೆಲ್ಲಗೆ ಆಮ್ಲೀಯಗೊಳಿಸುತ್ತದೆ. ರಸಸಾರ (pH) 6ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾಗಳ ಕೆಲಸ ತೀರಾ ನಿಧಾನವಾಗುತ್ತದೆ. ಮೀನು, ಗಿಡ, ಬ್ಯಾಕ್ಟೀರಿಯಾ ಮೂರಕ್ಕೂ 7ರ ಆಸುಪಾಸು ಹಿತ. ಇಳಿದಾಗ ಪೊಟ್ಯಾಸಿಯಂ ಬೈಕಾರ್ಬೊನೇಟನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ. ಒಮ್ಮೆಲೇ ಏರಿಸಿದರೆ ನೀರಿನಲ್ಲಿರುವ ಅಮೋನಿಯಾ ಇನ್ನಷ್ಟು ವಿಷಕಾರಿಯಾಗುತ್ತದೆ.

ಕರೆಂಟು ಹೋದರೆ ಮೀನಿನಂತೆಯೇ ಬ್ಯಾಕ್ಟೀರಿಯಾಗಳಿಗೂ ಆಮ್ಲಜನಕ ಸಿಗುವುದಿಲ್ಲ, ಬ್ಯಾಟರಿ ಪಂಪ್ ಇಟ್ಟುಕೊಳ್ಳಿ. ಜಲ್ಲಿಯನ್ನು ತೊಟ್ಟಿಯ ನೀರಿನಲ್ಲೇ ತೊಳೆಯಿರಿ. ಮೀನಿಗೆ ಔಷಧ ಕೊಡಬೇಕಾದರೆ ಬೇರೆ ಟಬ್‌ನಲ್ಲಿ ಕೊಡಿ: ಪ್ರತಿಜೀವಕ ತೊಟ್ಟಿಗೆ ಬಿದ್ದರೆ ಈ ಬ್ಯಾಕ್ಟೀರಿಯಾಗಳೂ ಸಾಯಬಹುದು.