ಚಂದ್ರ ಯಾಕೆ ಬೀಳಲ್ಲ? ಕಾಫಿ ಕಣದಲ್ಲೇ ಮಾಡಿ ತೋರಿಸಿ

ಅಕ್ಕನ ಮಗಳು ರಜೆಗೆ ಸೋಮವಾರಪೇಟೆಗೆ ಬಂದಿದ್ದಳು. ಒಂದು ಸಂಜೆ ಅಂಗಳದಲ್ಲಿ ಕೂತು, "ಮಾವ, ಕಿತ್ತಳೆ ತೊಟ್ಟು ಕಳಚಿದ್ರೆ ಕೆಳಗೆ ಬೀಳುತ್ತೆ, ಚಂದ್ರ ಯಾಕೆ ಬೀಳಲ್ಲ?" ಅಂದಳು. ಗುರುತ್ವಾಕರ್ಷಣೆ ಅಂತ ಒಂದೇ ಪದ ಹೇಳಿ ಸುಮ್ಮನಾಗಲು ನನಗೆ ಮನಸ್ಸಾಗಲಿಲ್ಲ. ಆ ಪದ ಬೀಳೋದಕ್ಕೆ ಕಾರಣ ಹೇಳುತ್ತದೆ, ಅವಳು ಕೇಳಿದ್ದು ಬೀಳದೆ ಇರೋದರ ಬಗ್ಗೆ, ಅಲ್ವಾ? ನಿಮ್ಮನೆ ಮಕ್ಕಳು ಕೇಳಿದರೆ ಹೀಗೆ ಮಾಡಿ.

ಒಣಗಿದ ಕಾಫಿ ಎತ್ತಿದ ಮೇಲೆ ಖಾಲಿ ಬೀಳುವ ಸಿಮೆಂಟ್ ಕಣ ಇದಕ್ಕೆ ಹೇಳಿ ಮಾಡಿಸಿದ ಜಾಗ. ಕಣ ಇಲ್ಲದಿದ್ದರೆ ತಾರಸಿ ಸಾಕು. ಹಳೇ ಕಾಲುಚೀಲದೊಳಗೆ ಒಂದು ಕಿತ್ತಳೆ ಕಾಯಿ ಹಾಕಿ ಬಾಯಿ ಕಟ್ಟಿ, ಅದಕ್ಕೆ ಒಂದು ಮೀಟರ್ ನೈಲಾನ್ ದಾರ ಬಿಗಿಯಿರಿ. ನೆಲದ ಮೇಲೆ ಒಲೆ ಬೂದಿಯನ್ನು ತೆಳ್ಳಗೆ ಉದುರಿಸಿ. ಈಗ ನಡುವೆ ಕುಕ್ಕರಗಾಲಲ್ಲಿ ಕೂತು, ಚೀಲ ನೆಲ ಸವರುವ ಹಾಗೆ ಜೋರಾಗಿ ಸುತ್ತಿಸಿ. ಬೂದಿಯಲ್ಲಿ ದುಂಡನೆ ಗೆರೆ ಬೀಳುತ್ತದೆ. ದಾರ ಬಿಡುವ ಮೊದಲು ಮಗುವನ್ನೇ ಕೇಳಿ, ಬಿಟ್ಟರೆ ಇದು ಎತ್ತ ಹೋಗುತ್ತೆ ಅಂತ. ನಮ್ಮವಳು "ನಿಮ್ಮಿಂದ ನೇರ ಆಚೆಗೆ" ಅಂದಳು. ಬಿಟ್ಟೆ. ಗೆರೆ ನೋಡಿದರೆ ಚೀಲ ದುಂಡನ್ನು ಬಿಟ್ಟ ಜಾಗದಿಂದ ಪಕ್ಕಕ್ಕೆ ಸೀದಾ ಹೋಗಿತ್ತು, ಆ ಕ್ಷಣ ಯಾವ ಕಡೆ ಓಡುತ್ತಿತ್ತೋ ಅದೇ ಕಡೆಗೆ. ಅವಳು ಬಗ್ಗಿ ಆ ಗೆರೆ ಮೇಲೆ ಬೆರಳಾಡಿಸಿ, ಇನ್ನೊಂದ್ಸಲ ಮಾಡಿ ಅಂದಳು. ಐದಾರು ಸಲ ಮಾಡಿದೆವು, ಅವಸರ ಮಾಡಬೇಡಿ, ಇಡೀ ವಿಷಯ ಇರೋದೇ ಇಲ್ಲಿ. ಚಂದ್ರನೂ ಹಾಗೆ ಪಕ್ಕಕ್ಕೆ ಓಡುತ್ತಲೇ ಇದ್ದಾನೆ, ಭೂಮಿಯ ಸೆಳೆತ ದಾರದ ಹಾಗೆ ಅವನನ್ನು ಒಳಗೆ ಎಳೆಯುತ್ತಲೇ ಇದೆ. ಒಂದು ವ್ಯತ್ಯಾಸ ಹೇಳಿಬಿಡಿ: ದೂರ ಹೋದಷ್ಟೂ ಈ ಸೆಳೆತ ಕಮ್ಮಿಯಾಗುತ್ತದೆ, ದೂರ ಎರಡರಷ್ಟಾದರೆ ಸೆಳೆತ ಕಾಲು ಭಾಗ.

ಆಮೇಲೆ ನ್ಯೂಟನ್ 1687ರಲ್ಲಿ ಬರೆದ ವಿಚಾರಕ್ಕೆ ಬನ್ನಿ. ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟದ ತುದಿಯಿಂದ ಕಲ್ಲು ಎಸೆದಿರಿ ಅಂದುಕೊಳ್ಳಿ. ಎಷ್ಟೇ ಜೋರಾಗಿ ಎಸೆದರೂ ಮೊದಲ ಸೆಕೆಂಡಿನಲ್ಲಿ ಅದು ಸುಮಾರು 5 ಮೀಟರ್ ಕೆಳಗಿಳಿಯುತ್ತದೆ. ಆದರೆ ಭೂಮಿ ದುಂಡಗಿದೆ, 8 ಕಿ.ಮೀ. ಹೋದರೆ ನೆಲವೂ ಹೆಚ್ಚುಕಮ್ಮಿ 5 ಮೀಟರ್ ಬಾಗಿರುತ್ತದೆ. ಹಾಗಾದರೆ ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಎಸೆದರೆ? ಬೀಳುತ್ತಲೇ ಇರುತ್ತದೆ, ನೆಲ ಸಿಗುವುದೇ ಇಲ್ಲ. ಮಡಿಕೇರಿಯಿಂದ ಕುಶಾಲನಗರಕ್ಕೆ ರಸ್ತೆಯಲ್ಲಿ ಸುಮಾರು 30 ಕಿ.ಮೀ., ಈ ವೇಗಕ್ಕೆ ಅದು 4 ಸೆಕೆಂಡಿನ ದಾರಿ. ಗಾಳಿ ತಡೆಯುತ್ತದೆ ಅಂತಲೇ ಉಪಗ್ರಹಗಳನ್ನು ಅಷ್ಟು ಮೇಲಕ್ಕೆ ಒಯ್ಯೋದು.

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನಂತೂ ತೋರಿಸಲೇಬೇಕು. ಅದು ಸುಮಾರು 400 ಕಿ.ಮೀ. ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. ಅಲ್ಲಿ ಗುರುತ್ವ ಇಲ್ಲ ಅನ್ನೋದು ತಪ್ಪು, ನಮ್ಮಲ್ಲಿರುವುದರ ನೂರಕ್ಕೆ 90ರಷ್ಟು ಅಲ್ಲೂ ಇದೆ. ನಿಲ್ದಾಣವೂ ಒಳಗಿನವರೂ ಒಟ್ಟಿಗೇ ಬೀಳುತ್ತಿರುವುದರಿಂದ ತೇಲಿದ ಹಾಗೆ ಕಾಣುತ್ತಾರೆ. ನಾಸಾದ ಸ್ಪಾಟ್ ದ ಸ್ಟೇಷನ್ ಆ್ಯಪ್‌ನಲ್ಲಿ ನಿಮ್ಮೂರಿನ ಸಮಯ ಸಿಗುತ್ತದೆ. ಸೂರ್ಯ ಮುಳುಗಿದ ಮೇಲೆ ಅಥವಾ ಬೆಳಗಿನ ಜಾವ, ಮಿನುಗದ ದೊಡ್ಡ ನಕ್ಷತ್ರದ ಹಾಗೆ ನಾಲ್ಕೈದು ನಿಮಿಷ ಸದ್ದಿಲ್ಲದೆ ಹಾದುಹೋಗುತ್ತದೆ. ಮಳೆಗಾಲದಲ್ಲಿ ನಮ್ಮ ಕೊಡಗಿನಲ್ಲಿ ಈ ಆಸೆ ಬಿಡಿ, ಡಿಸೆಂಬರ್‌ನಿಂದ ಮಾರ್ಚ್ ಒಳ್ಳೇದು.

ಮನೆ ಮೇಲಿನ ಟಿವಿ ಡಿಶ್ ಮಾತ್ರ ಆಕಾಶದ ಒಂದೇ ಜಾಗ ನೋಡುತ್ತಿರುತ್ತದೆ. ಅದರ ಉಪಗ್ರಹ ಸುಮಾರು 35,786 ಕಿ.ಮೀ. ಎತ್ತರದಲ್ಲಿದೆ. ದೂರ ಜಾಸ್ತಿ, ಸೆಳೆತ ಕಮ್ಮಿ, ವೇಗವೂ ಕಮ್ಮಿ, ಹಾಗಾಗಿ ಒಂದು ಸುತ್ತಿಗೆ ಭೂಮಿ ತಿರುಗುವಷ್ಟೇ ಹೊತ್ತು ಹಿಡಿಯುತ್ತದೆ. ಇಂಥ ಉಪಗ್ರಹಗಳನ್ನು ನೋಡಿಕೊಳ್ಳುವ ಇಸ್ರೋ ಕೇಂದ್ರ ನಮ್ಮ ಪಕ್ಕದ ಹಾಸನದಲ್ಲೇ ಇದೆ. ಗ್ರಹಗಳಿಗೂ ಇದೇ ಲೆಕ್ಕ: ಸೂರ್ಯನ ಹತ್ತಿರದ ಬುಧಕ್ಕೆ 88 ದಿನ, ದೂರದ ನೆಪ್ಚೂನ್‌ಗೆ 165 ವರ್ಷ.

ಕೊನೆಗೆ ಚಂದ್ರ. ಅವನು ಸೆಕೆಂಡಿಗೆ ಸುಮಾರು 1 ಕಿ.ಮೀ. ಪಕ್ಕಕ್ಕೆ ಓಡುತ್ತಾನೆ, ಅಷ್ಟರಲ್ಲಿ ನಮ್ಮ ಕಡೆಗೆ ಬೀಳೋದು ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ. ಆ ಓಟವನ್ನು ಕಣ್ಣಾರೆ ಕಾಣಬೇಕಾದರೆ ಅಮಾವಾಸ್ಯೆ ಕಳೆದು ನಾಲ್ಕೈದು ದಿನಕ್ಕೆ, ರಾತ್ರಿ ಏಳು ಗಂಟೆಗೆ, ತೋಟದ ಯಾವುದಾದರೂ ಸಿಲ್ವರ್ ಓಕ್ ತುದಿಗೆ ಚಂದ್ರ ತಾಗುವ ಹಾಗೆ ನಿಂತು ಕಾಲಡಿ ಒಂದು ಕಲ್ಲಿಡಿ. ಮಾರನೇ ದಿನ ಏಳಕ್ಕೆ ಅದೇ ಕಲ್ಲಿನ ಹತ್ತಿರ ನಿಂತು ಕೈ ಚಾಚಿ ಮುಷ್ಟಿ ಹಿಡಿದು ಅಳೆಯಿರಿ. ಮರದಿಂದ ಪೂರ್ವಕ್ಕೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿಯೇ ಸರಿದಿರುತ್ತಾನೆ.