ಸ್ಫೋಟದ ಗಾಯಾಳುವಿನ ರಕ್ತ ನಿಲ್ಲಿಸುವುದು ಹೇಗೆ?

ಬೆಂಗಳೂರಿನಲ್ಲಿ 2008ರ ಜುಲೈ 25ರಂದು ಸರಣಿ ಬಾಂಬ್‌ಗಳು ಸಿಡಿದವು. 2013ರಲ್ಲಿ ಮಲ್ಲೇಶ್ವರದಲ್ಲಿ, 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್ ಬಳಿಯ ಕೆಫೆಯೊಂದರಲ್ಲಿ ಮತ್ತೆ ಸ್ಫೋಟಗಳಾದವು. ಕೈಕಾಲಿನ ದೊಡ್ಡ ರಕ್ತನಾಳ ಹರಿದರೆ ಆಂಬುಲೆನ್ಸ್ ತಲಪುವ ಮೊದಲೇ, ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಆ ಹೊತ್ತಿಗೆ ಒದಗುವವರು ಪಕ್ಕದಲ್ಲಿದ್ದವರು ಮಾತ್ರ.

ಇನ್ನೊಂದು ಬಾಂಬ್ ಇರಬಹುದಾದ್ದರಿಂದ ಮೊದಲು ಗಾಯಾಳುವಿನೊಂದಿಗೆ ಸುರಕ್ಷಿತ ಜಾಗಕ್ಕೆ ಸರಿಯಿರಿ. 112 ಅಥವಾ 108ಕ್ಕೆ ಕರೆ ಮಾಡಲು ನಿರ್ದಿಷ್ಟವಾಗಿ ಒಬ್ಬರಿಗೇ ಹೇಳಿ.

ಮುಂದಿನದು ಒತ್ತುವ ಕೆಲಸ. ಪ್ರಥಮ ಚಿಕಿತ್ಸಾ ಶಿಬಿರಗಳಲ್ಲಿ ಹೆಚ್ಚಿನವರು ಎಡವುವುದನ್ನು ನಾನು ಕಂಡಿರುವುದು ಇಲ್ಲಿಯೇ. ಅವರು ಗಾಯದ ಮೇಲೆ ಬಟ್ಟೆ ಇಟ್ಟು ಮೆತ್ತಗೆ ಹಿಡಿಯುತ್ತಾರೆ, ಅರ್ಧ ನಿಮಿಷಕ್ಕೊಮ್ಮೆ ಎತ್ತಿ ನೋಡುತ್ತಾರೆ. ಪ್ರತಿ ಸಲ ಎತ್ತಿದಾಗಲೂ ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ರಕ್ತ ಕಿತ್ತುಬರುತ್ತದೆ. ಗಾಯಾಳುವನ್ನು ಗಟ್ಟಿ ನೆಲದ ಮೇಲೆ ಮಲಗಿಸಿ, ಮೊಣಕಾಲೂರಿ, ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು, ಮೊಣಕೈ ಮಡಿಸದೆ ಮೈಭಾರವನ್ನೆಲ್ಲ ಹಾಕಿ ಒತ್ತಿ. ತೊಡೆಸಂದು, ಕಂಕುಳಿನ ಆಳವಾದ ಗಾಯಕ್ಕೆ ಬಟ್ಟೆಯನ್ನು ಬೆರಳಿನಿಂದ ತಳದವರೆಗೆ ತುರುಕಿ, ಗುಳಿ ತುಂಬಿದ ಮೇಲೆ ಒತ್ತಬೇಕು. ಎದೆ, ಹೊಟ್ಟೆಯ ಗಾಯಕ್ಕೆ ಏನನ್ನೂ ತುರುಕಬೇಡಿ. ಬಟ್ಟೆ ನೆನೆದರೆ ತೆಗೆಯದೆ ಮೇಲೊಂದು ಸೇರಿಸಿ, ಆಂಬುಲೆನ್ಸ್ ಬರುವವರೆಗೂ ಒತ್ತುತ್ತಲೇ ಇರಿ. ನಾನಂತೂ ಹತ್ತಿಯ ಉಂಡೆ ಬೇಡವೆಂದೇ ಹೇಳುತ್ತೇನೆ, ಅದರ ಎಳೆಗಳು ಗಾಯಕ್ಕೆ ಅಂಟುತ್ತವೆ. ಹಳೆಯ ಪಂಚೆಯ ತುಂಡು ಎಷ್ಟೋ ವಾಸಿ. ಅರಿಸಿನ, ಕಾಫಿಪುಡಿ ಸುರಿಯಲೇಬಾರದು. ಚುಚ್ಚಿಕೊಂಡ ಮೊಳೆ, ಗಾಜನ್ನು ಕೀಳದೆ ಅದರ ಸುತ್ತ ಒತ್ತಿ.

ಒತ್ತಿದರೂ ಕೈಕಾಲಿನ ರಕ್ತ ಚಿಮ್ಮುತ್ತಿದ್ದರೆ ಟೂರ್ನಿಕೆಟ್, ಅಂದರೆ ಕೋಲು ತಿರುಗಿಸಿ ಬಿಗಿಮಾಡುವ ರಕ್ತತಡೆ ಪಟ್ಟಿ, ಬಿಗಿಯಿರಿ. ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲು ಬಿಟ್ಟು ಪಟ್ಟಿ ಸುತ್ತಿ, ರಕ್ತ ನಿಲ್ಲುವವರೆಗೆ ಕೋಲನ್ನು ತಿರುಗಿಸಿ ಸಿಕ್ಕಿಸಿ. ಗಾಯಾಳು ನೋವಿನಿಂದ ಕೂಗುತ್ತಾರೆ. ಕರುಣೆಯಿಂದ ಸಡಿಲಿಸಿದರೆ ಮತ್ತೆ ರಕ್ತ ಹರಿಯುತ್ತದೆ. 2013ರಲ್ಲಿ ಬೋಸ್ಟನ್ ಮ್ಯಾರಥಾನ್ ಸ್ಫೋಟದ ಸ್ಥಳದಲ್ಲಿ ಜನ ಕೈಗೆ ಸಿಕ್ಕ ಬಟ್ಟೆ, ಬೆಲ್ಟ್‌ಗಳನ್ನೇ ಕಟ್ಟಿದ್ದರು, ಆದರೆ ತಿರುಗಿಸಿ ಬಿಗಿಯಲು ಕೋಲಿಲ್ಲದ ಕಟ್ಟು ಸಾಮಾನ್ಯವಾಗಿ ಸಾಲದು. ಆನ್‌ಲೈನಿನ ಅಗ್ಗದ ನಕಲಿ ಟೂರ್ನಿಕೆಟ್‌ಗಳೂ ಬೇಡ: ನಾನು ತರಿಸಿದ್ದ ಒಂದರ ಪ್ಲಾಸ್ಟಿಕ್ ಕೋಲು ಮೂರನೆಯ ಸುತ್ತಿಗೇ ಮುರಿದು ಕೈಗೆ ಬಂತು.

ಬಿಗಿದ ಸಮಯವನ್ನು ಪಟ್ಟಿಯ ಮೇಲೆ ಬರೆಯಿರಿ, ಗಾಯಾಳುವಿಗೆ ಹೊದಿಕೆ ಹೊದಿಸಿ, ಆಂಬುಲೆನ್ಸ್ ಸಿಬ್ಬಂದಿಗೆ ಆ ಸಮಯವನ್ನು ಬಾಯಿಬಿಟ್ಟು ಹೇಳಿ.