ಸ್ಪಂಜಿನ ಉಡಕ್ಕೆ ತೂಕ ತಂದದ್ದು

ಸೋಫಾ ಸ್ಪಂಜಿನ ದೈತ್ಯ ನಿಂತಲ್ಲಿ ಎಷ್ಟೇ ಭಯಂಕರವಾಗಿ ಕಂಡರೂ ಒಂದು ಹೆಜ್ಜೆ ಇಟ್ಟ ಕೂಡಲೇ ಬಣ್ಣ ಬಯಲಾಗುತ್ತದೆ. ಮೈ ಹಗುರ, ನಡೆಯೂ ಹಗುರ. ಶಹಾಬಾದ್ ಕಡೆ ಕೆಲಸ ನಿಂತ ಪರಸಿ (ನೆಲಕ್ಕೆ ಹಾಸುವ ಕಲ್ಲು) ಖಣಿಯೊಂದರಲ್ಲಿ ಗೆಳೆಯರು ಸೇರಿ ತೆಗೆದ ನಮ್ಮ ಚಿತ್ರದಲ್ಲಿ ಖಣಿ ನೀರಿನಿಂದ ಎದ್ದು ಬರುವ ಉಡವೇ ಹೀರೋ, ಅಂದರೆ ಸ್ಪಂಜಿನ ವೇಷ ತೊಟ್ಟ ಗೆಳೆಯ. ಗ್ರಾಫಿಕ್ಸ್‌ಗೆ ದುಡ್ಡಿರಲಿಲ್ಲ, ಇದ್ದಿದ್ದರೂ ನಾನು ಮಾಡಿಸುತ್ತಿರಲಿಲ್ಲ. ನನ್ನ ಬೆವರು ಹೆಚ್ಚು ಇಳಿದದ್ದು ಆ ಉಡಕ್ಕೆ ತೂಕ ತರುವುದರಲ್ಲಿ.

ಮೈ ಕಟ್ಟಿದ್ದು ಕಲಬುರಗಿಯ ಸೋಫಾ ರಿಪೇರಿ ಅಂಗಡಿಗಳಲ್ಲಿ ಉಳಿದ ಚೂರು ಸ್ಪಂಜಿನಿಂದ, ಹಳೆಯ ಪ್ಯಾಂಟು ಶರ್ಟಿನ ಮೇಲೆ. ಅಂಟನ್ನು ಎರಡೂ ಬದಿಗೆ ಬಳಿದು, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಒತ್ತಬೇಕು. ನಮ್ಮ ಬಿಸಿಲಿಗೆ ಅದು ಬೇಗ ಆರುವುದರಿಂದ ಒಂದೊಂದೇ ತುಂಡು ಹಚ್ಚಿದರೆ ಚೆಂದ. ಮೈಮೇಲಿನ ಹುರುಪೆಗಳನ್ನು ಕತ್ತರಿಯಲ್ಲೇ ಬಿಡಿಸಿದೆವು. ಕಾದ ಕಬ್ಬಿಣದಿಂದ ಸ್ಪಂಜು ಸುಟ್ಟು ಗೆರೆ ಮೂಡಿಸುವವರಿದ್ದಾರೆ, ಆ ಹೊಗೆ ವಿಷ. ಅದರ ಮೇಲೆ ಲೇಟೆಕ್ಸ್, ಅಂದರೆ ದ್ರವ ರಬ್ಬರ್. ಹರಿದ ಟಿಶ್ಯೂ ಪೇಪರ್ ಇಡುತ್ತ ಲೇಟೆಕ್ಸ್ ಬಳಿದರೆ ಮುದಿ ಚರ್ಮದ ಸುಕ್ಕು ತಾನಾಗೇ ಬೀಳುತ್ತದೆ. ಬಣ್ಣವನ್ನೂ ಲೇಟೆಕ್ಸಿನಲ್ಲೇ ಕಲಸಿ ಹಚ್ಚಬೇಕು. ಬರೀ ಅಕ್ರಿಲಿಕ್ ಬಳಿದರೆ ಮೊಣಕಾಲು ಮಡಚಿದೊಡನೆ ಬಿರಿಯುತ್ತದೆ. ಲೇಟೆಕ್ಸಿನ ಅಮೋನಿಯಾ ವಾಸನೆ ತಾಳದೆ ಮನೆಯವರು ನನ್ನನ್ನು ಮಾಳಗಿ ಮೇಲೆ ಅಟ್ಟಿದರು. ಗಾಳಿಯಾಡುವ ಜಾಗ ಸಿಕ್ಕಿದ್ದು ಹಾಗೆ.

ದವಡೆ ಆಡಿಸಲು ಸೈಕಲ್ ಬ್ರೇಕಿನ ಕೇಬಲ್. ಹೊರಗಿನ ಕವಚವನ್ನು ಎರಡೂ ತುದಿಯಲ್ಲಿ ಬಿಗಿಯಾಗಿ ಕಟ್ಟಬೇಕು, ಇಲ್ಲದಿದ್ದರೆ ಒಳಗಿನ ತಂತಿ ಎಳೆದಾಗ ಕವಚವೇ ಬಾಗುತ್ತದೆ, ಬಾಯಿ ತೆರೆಯುವುದಿಲ್ಲ. ಬಾಯಿ ಮುಚ್ಚಿಸಲು ಟ್ಯೂಬಿನ ರಬ್ಬರ್ ಪಟ್ಟಿ. ಹಲ್ಲು ಎಂ-ಸೀಲಿನವು. ಜೊಲ್ಲಿಗೆ ಅಗಸಿ ಕುದಿಸಿ ಬಿಸಿ ಇರುವಾಗಲೇ ಸೋಸಿದ ಲೋಳೆ. ಡಬ್ಬಿ ಬರಿದಾದದ್ದು ಕಂಡು ಅವ್ವ, ‘ಚಟ್ನಿಗಿ ಇಟ್ಟಿದ್ದು ಯಾವ ಹಲ್ಲಿ ಬಾಯಾಗ ಸುರೀಲತ್ತೀಯೋ?’ ಅಂದಳು.

ಕಣ್ಣಿಗೆ ಬ್ಯಾಟರಿ ಬಲ್ಬ್ ಹಾಕಿದರೆ ಆಟಿಕೆಯಂತೆ ಕಾಣುತ್ತದೆ. ಲಾರಿ ಹಿಂದೆ ಅಂಟಿಸುವ ರೇಡಿಯಂ ಪಟ್ಟಿಯನ್ನು ದುಂಡಗೆ ಕತ್ತರಿಸಿ ಹಚ್ಚಿದೆವು. ಅದು ಬೆಳಕನ್ನು ಬಂದ ದಾರಿಗೇ ಮರಳಿಸುತ್ತದೆ. ಹಾಗಾಗಿ ಸಣ್ಣ ಟಾರ್ಚನ್ನು ಕ್ಯಾಮೆರಾದ ಲೆನ್ಸಿಗೆ ತಾಗಿಸಿ ಹಿಡಿದರೆ ಕತ್ತಲಲ್ಲಿ ಎರಡು ಕಣ್ಣು ಧಗ್ಗನೆ ಹೊತ್ತಿಕೊಳ್ಳುತ್ತವೆ. ಟಾರ್ಚ್ ಒಂದು ಮೊಳ ಸರಿದರೂ ಆರಿದಂತೆಯೇ.

ಇನ್ನು ತೂಕ. ಆರಡಿ ಮನುಷ್ಯ 24 ಅಡಿ ಪ್ರಾಣಿಯಾಗಿ ಕಾಣಬೇಕು, ಅಂದರೆ 4 ಪಟ್ಟು. ಬೀಳಲು ಹಿಡಿಯುವ ಹೊತ್ತು ಎತ್ತರದ ವರ್ಗಮೂಲದಷ್ಟು ಹೆಚ್ಚುತ್ತದೆ, 4ರ ವರ್ಗಮೂಲ 2. ಸೆಕೆಂಡಿಗೆ 24 ಫ್ರೇಮಿನ ಬದಲು 48 ಫ್ರೇಮ್ ತೆಗೆದು 24ರಲ್ಲಿ ಓಡಿಸಬೇಕು. ದೊಡ್ಡ ವಸ್ತು ತನ್ನ ಎತ್ತರದಷ್ಟು ಬೀಳಲು ಹೆಚ್ಚು ಹೊತ್ತು ಹಿಡಿಯುತ್ತದೆ, ನಮ್ಮ ಕಣ್ಣು ಆ ಹೊತ್ತನ್ನೇ ತೂಕ ಅಂದುಕೊಳ್ಳುತ್ತದೆ. 1954ರ ಗಾಡ್ಜಿಲ್ಲಾದಲ್ಲಿ ಜಪಾನಿನವರು ವೇಷದೊಳಗೆ ಮನುಷ್ಯನನ್ನು ನಿಲ್ಲಿಸಿ ಹೂಡಿದ್ದೂ ಇದೇ ಉಪಾಯ. ಕರೆಂಟಿನ ದೀಪ ಸೆಕೆಂಡಿಗೆ 100 ಸಲ ಮಿಡಿಯುವುದರಿಂದ 48 ಫ್ರೇಮಿನಲ್ಲಿ ಚಿತ್ರ ಮಿಣುಕುತ್ತದೆ. ಟ್ರ್ಯಾಕ್ಟರಿನ ಹೆಡ್‌ಲೈಟ್ ಬ್ಯಾಟರಿಯದು, ಆ ಕಾಟವಿಲ್ಲ. ಅದನ್ನೇ ಖಣಿ ದಂಡೆಗೆ ತಂದು ನಿಲ್ಲಿಸಿದೆವು.

ಪಾದದೊಳಗೆ ಮರಳಿನ ಚೀಲ, ಬಾಲದೊಳಗೆ ಮರಳು ತುಂಬಿದ ಟ್ಯೂಬು. ಆಮೇಲೆ ಗೆಳೆಯ ತ್ರಾಸಪಟ್ಟು ನಡೆಯುವುದನ್ನು ನಟಿಸಬೇಕಾಗಲಿಲ್ಲ. ಕ್ಯಾಮೆರಾ ನೆಲಕ್ಕೆ ಹತ್ತಿರ. ಪ್ರತಿ ಹೆಜ್ಜೆಗೂ ಒಬ್ಬ ಮರೆಯಿಂದ ಕಲ್ಲಿನ ಪುಡಿ ಎರಚುತ್ತಿದ್ದ. ಹಿಂದಿನ ಗೋಡೆ ಕಟ್ಟಿದ್ದೂ ಅಲ್ಲೇ ಬಿದ್ದಿದ್ದ ಪರಸಿ ಚೂರುಗಳಿಂದ. ಈ ಕಲ್ಲು ಪದರು ಪದರಾಗಿ ಏಳುತ್ತದೆ. ಖಣಿಯ ಗೋಡೆಯಲ್ಲೂ ಅಂಗೈಯಗಲದ ಚೂರಿನಲ್ಲೂ ಅದೇ ಪದರು ಕಾಣುವುದರಿಂದ ಯಾವುದು ದೊಡ್ಡದು, ಯಾವುದು ಗೊಂಬೆಯಾಟ ಎಂದು ತಿಳಿಯುವುದೇ ಇಲ್ಲ. ಥರ್ಮಾಕೋಲಿನಿಂದ ಇದು ಆಗದ ಮಾತು.

ನೀರು ಮಾತ್ರ ಈ ಮೋಸಕ್ಕೆ ಒಗ್ಗುವುದಿಲ್ಲ. ಹನಿಯ ಗಾತ್ರ ಬದಲಾಗದು, ಮೋಸ ಹಿಡಿಯಲು ನೋಡುವವನಿಗೆ ಅಷ್ಟು ಸಾಕು. ವೇಷ ಹಾಕಿದವನನ್ನು ಖಣಿಗೆ ಇಳಿಸುವ ಪ್ರಶ್ನೆಯೇ ಇರಲಿಲ್ಲ: ಸ್ಪಂಜು ನೀರು ಕುಡಿದರೆ ಈಜು ಬಂದರೂ ಮೇಲೇಳಲಾಗದು. ಬೇರೆಯೇ ಸಣ್ಣ ತಲೆಯೊಂದನ್ನು ಮಾಡಿ, ದನ ನೀರು ಕುಡಿಯುವ ತೊಟ್ಟಿಯಲ್ಲಿ ಸೋಪಿನ ಪುಡಿ ಕದಡಿ ಮೆಲ್ಲಗೆ ಎತ್ತಿಸಿದೆವು. ಸೋಪು ಬಿದ್ದರೆ ಹನಿ ಸಣ್ಣದಾಗುತ್ತದೆ. ಆದರೂ ಆ ಶಾಟನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಇಟ್ಟಿದ್ದೇನೆ.

ಚಳಿಗಾಲದ ರಾತ್ರಿಗಳನ್ನೇ ಆರಿಸಿದ್ದು ವೇಷದೊಳಗಿನವನಿಗಾಗಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ರಬ್ಬರ್ ತೊಡಿಸುವುದು ಕೊಲೆಯೇ. ಚಳಿಯಲ್ಲೂ ಶಾಟ್ ಮುಗಿದೊಡನೆ ತಲೆ ಕಳಚಿ ಓಆರ್‌ಎಸ್ ಕುಡಿಸುತ್ತಿದ್ದೆವು.

ಗರ್ಜನೆ ಎಮ್ಮೆಯದು, ಅರ್ಧ ವೇಗಕ್ಕೆ ಇಳಿಸಿದ್ದು. ಅದರಡಿ ಪರಸಿಯ ಮೇಲೆ ಪರಸಿ ಎಳೆದ ಸದ್ದು ಸೇರಿಸಿದ ಮೇಲೆಯೇ ಬಾಲಕ್ಕೆ ಭಾರ ಬಂತು. ಉಡ ಈಗ ಟಾಲ್ಕಂ ಪೌಡರ್ ಹಚ್ಚಿಸಿಕೊಂಡು ಕತ್ತಲ ಕೋಣೆಯಲ್ಲಿದೆ. ಲೇಟೆಕ್ಸ್ ತನಗೆ ತಾನೇ ಅಂಟಿಕೊಳ್ಳುತ್ತದೆ, ಬಿಸಿಲು ತಾಗಿದರೆ ಹಪ್ಪಳದಂತೆ ಮುರಿಯುತ್ತದೆ. ಕಂಕುಳ ಹತ್ತಿರ ಆಗಲೇ ಬಿರುಕು ಬಿಟ್ಟಿದೆ. ದವಡೆಯ ಕೇಬಲ್ ಮಾತ್ರ ಬಿಚ್ಚಿಟ್ಟಿದ್ದೇನೆ, ಮುಂದಿನ ಪ್ರಾಣಿಗೆ ಬೇಕು.